ಬರುತ್ತದಂತೆ: ಗ್ರಾಫಿಕ್ಸ್ ಕಾರ್ಡ್ ವದಂತಿಗಳ ಒಂದು ಓದು

2024ರ ಸೆಪ್ಟೆಂಬರ್ ಕೊನೆಯಲ್ಲಿ, ನಿಜ ಹೆಸರು ಹೇಳದೆ ಕೋಪೈಟ್7ಕಿಮಿ ಎಂಬ ಅಡ್ಡಹೆಸರಿನಿಂದಷ್ಟೇ ಬರೆಯುವ ಒಬ್ಬರು ಎಕ್ಸ್‌ನಲ್ಲಿ ಒಂದು ಪುಟ್ಟ ಟಿಪ್ಪಣಿ ಹಾಕಿದರು. ಅದರಲ್ಲಿ ಒಂದು ಕ್ರಿಯಾಪದವೂ ಇರಲಿಲ್ಲ. ಎನ್ವಿಡಿಯಾ ಕಂಪನಿಯ ಮುಂದಿನ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5090ರ ಹೆಸರು, ಚಿಪ್ಪಿನ ಸಂಕೇತ, 21,760 ಕೋರ್, 512 ಬಿಟ್, 32 ಜಿಬಿ, 600 ವ್ಯಾಟ್. ಅಷ್ಟೇ. ಮೂರು ತಿಂಗಳ ಮೇಲೆ, 2025ರ ಜನವರಿ 6ರಂದು, ಲಾಸ್ ವೇಗಾಸ್‌ನ ಸಿಇಎಸ್ ಮೇಳದ ವೇದಿಕೆಗೆ ಹೊಳೆಯುವ ಜಾಕೆಟ್ ತೊಟ್ಟು ಬಂದ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅದೇ ಕಾರ್ಡನ್ನು ಲೋಕಕ್ಕೆ ತೋರಿಸಿದರು. 21,760 ಕೋರ್, 512 ಬಿಟ್, 32 ಜಿಬಿ. ವ್ಯಾಟ್ ಮಾತ್ರ 600ರ ಬದಲು 575. ಬೆಲೆ 1,999 ಡಾಲರ್. ಅದು ಆ ಟಿಪ್ಪಣಿಯಲ್ಲಿ ಇರಲೇ ಇಲ್ಲ.

ಅದೇ ವೇದಿಕೆಯಲ್ಲಿ ಹುವಾಂಗ್ ಇನ್ನೊಂದು ಮಾತು ಹೇಳಿದರು. 549 ಡಾಲರಿನ 5070 ಕಾರ್ಡು, ಹಿಂದಿನ ತಲೆಮಾರಿನ 1,599 ಡಾಲರಿನ 4090ರ ಸಮಕ್ಕೆ ಕೆಲಸ ಮಾಡುತ್ತದೆ ಎಂದು. ಕಾರ್ಡು ಪರೀಕ್ಷಕರ ಕೈಗೆ ಬಂದಾಗ ತಿಳಿದದ್ದು ಬೇರೆ. ನಿಜವಾಗಿ ಬಿಡಿಸಿದ ಎರಡು ಫ್ರೇಮುಗಳ ನಡುವೆ ಕೃತಕ ಬುದ್ಧಿಮತ್ತೆ ಊಹಿಸಿ ತುರುಕುವ ಫ್ರೇಮುಗಳನ್ನೂ ಲೆಕ್ಕಕ್ಕೆ ಹಿಡಿದರೆ ಮಾತ್ರ ಆ ಮಾತು ನಿಲ್ಲುತ್ತಿತ್ತು. ಮುಖವಿಲ್ಲದವರ ವದಂತಿ ಹೆಚ್ಚುಕಡಿಮೆ ಅಕ್ಷರಶಃ ನಿಜವಾಯಿತು. ಮುಖ, ಹೆಸರು, ಮೈಕು ಎಲ್ಲ ಇದ್ದ ಅಧಿಕೃತ ಘೋಷಣೆಗೆ ಅಡಿಟಿಪ್ಪಣಿ ಬೇಕಾಯಿತು. ವದಂತಿ ಎಂದರೆ ಸುಳ್ಳಿನ ತಂಗಿ ಎಂದು ತಿಳಿದವರಿಗೆ ಇದು ತೊಡಕಿನ ಸಂಗತಿ.

ಸಾಹಿತ್ಯದ ವಿದ್ಯಾರ್ಥಿನಿಯಾದ ನನಗೆ ಈ ಉಸಾಬರಿ ಯಾಕೆ ಎಂದು ಕೇಳಬಹುದು. ನಾನು ಆಟ ಆಡುವವಳಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ನುಡಿ ತಂತ್ರಾಂಶ ಕೈಕೊಡದೆ ನಡೆದರೆ ಅದೇ ಹಬ್ಬ. ಆದರೆ ನನ್ನ ತಮ್ಮ ಅನಿಮೇಷನ್ ಓದಿದವನು, ಅವನಿಂದಾಗಿ ಐದಾರು ವರ್ಷದಿಂದ ಇವನ್ನು ಓದುತ್ತಾ ಬಂದಿದ್ದೇನೆ. ಓದುತ್ತಾ ಓದುತ್ತಾ, ನನ್ನ ಸಂಶೋಧನೆಯ ವಿಷಯವೂ ಇದೂ ಎಲ್ಲೋ ಒಂದೇ ಕೇರಿಯವು ಅನ್ನಿಸತೊಡಗಿತು. ನಾನು ಕೆಲಸ ಮಾಡುತ್ತಿರುವುದು ಕಾರಣಿಕದ ನುಡಿಗಳ ಮೇಲೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಾನೆ. ಲಕ್ಷಾಂತರ ಜನ ಒಮ್ಮೆಗೇ ಮೌನವಾಗುತ್ತಾರೆ. ನಾಲ್ಕಾರು ಪದದ ಒಂದು ನುಡಿ, ಕೊನೆಗೆ 'ಪರಾಕ್', ಅಲ್ಲಿಂದ ಕೆಳಕ್ಕೆ. ಆ ನಾಲ್ಕಾರು ಪದ ಮಳೆಯ ಬಗ್ಗೆಯೋ, ಬೆಳೆಯ ಬಗ್ಗೆಯೋ, ಸರ್ಕಾರದ ಬಗ್ಗೆಯೋ ಎಂದು ಮುಂದಿನ ವರ್ಷದವರೆಗೆ ಚಹಾದಂಗಡಿಗಳಲ್ಲಿ ವ್ಯಾಖ್ಯಾನ ನಡೆಯುತ್ತದೆ. ನಾನು ಅಭ್ಯಾಸ ಮಾಡುವುದು ನುಡಿಗಿಂತ ಹೆಚ್ಚಾಗಿ ಆ ವ್ಯಾಖ್ಯಾನವನ್ನು.

ಎರಡನ್ನೂ ಒಂದೇ ಎಂದು ಹೇಳುವ ಚಪಲ ನನಗಿಲ್ಲ. ಕಾರಣಿಕಕ್ಕೆ ಒಂದು ದಿನ, ಒಂದು ಜಾಗ, ಒಂದು ಮೈಮೇಲಿನ ಭಾರ ಇದೆ. ಕೇಳುವವನಿಗೆ ತಾನು ಕೇಳುತ್ತಿರುವುದು ಕಾರಣಿಕ ಎಂಬ ಎಚ್ಚರ ಇದೆ. ಚಿಪ್ಪಿನ ವದಂತಿ ಯಾವಾಗ ಬೇಕಾದರೂ, ಯಾರ ಬೆರಳ ತುದಿಯಿಂದಲಾದರೂ ಬರುತ್ತದೆ. ಒಂದು ಗುಣ ಮಾತ್ರ ಇಬ್ಬರಿಗೂ ಸಮಾನ. ಹೇಳಿದವನು ವಿವರಿಸುವುದಿಲ್ಲ. ವಿವರಣೆಯ ಹೊಣೆ ಪೂರ್ತಿಯಾಗಿ ಕೇಳಿದವನ ಮೇಲೆ ಬೀಳುತ್ತದೆ, ತಪ್ಪಾದರೆ ನಷ್ಟವೂ ಅವನದೇ.

ಈ ವದಂತಿಗಳು ಎಲ್ಲಿಂದ ಹುಟ್ಟುತ್ತವೆ ಎಂದು ಹುಡುಕುತ್ತಾ ಹೋದರೆ ಗ್ರಂಥಸಂಪಾದನೆಯ ತರಗತಿಯಲ್ಲಿ ಕೂತಂತಾಗುತ್ತದೆ. ಮೂಲಪ್ರತಿ ಯಾರ ಬಳಿಯೂ ಇಲ್ಲ. ಇರುವುದು ಚೂರುಗಳು, ಪಾಠಾಂತರಗಳು. ಚಾಲಕ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಹಿಂದೆ ಇಲ್ಲದ ಒಂದು ಗುರುತಿನ ಸಂಖ್ಯೆ. ವೇಗ ಅಳೆಯುವ ತಂತ್ರಾಂಶದ ಸಾರ್ವಜನಿಕ ಪಟ್ಟಿಯಲ್ಲಿ ಯಾರೋ ಮರೆತು ಬಿಟ್ಟ ಒಂದು ಸಾಲು. ಅಂಗಡಿಯವರು ಅವಸರದಲ್ಲಿ ಏರಿಸಿ ಮತ್ತೆ ಇಳಿಸಿದ ಒಂದು ಪುಟ. 2020ರ ಜೂನ್‌ನಲ್ಲಿ ಚೀನಾದ ಕಡೆಯಿಂದ ಬಂದ, ಬರೀ ತಂಪುಯಂತ್ರದ ಫೋಟೋ: ಎರಡು ಬದಿಗೂ ಒಂದೊಂದು ಫ್ಯಾನು, ಮಧ್ಯದಲ್ಲಿ ಕತ್ತರಿ ಹಾಕಿದಂಥ ಲೋಹದ ಆಕಾರ. ಅದನ್ನು ನಕಲಿ ಎಂದು ನಕ್ಕವರೇ ಬಹಳ. ಸೆಪ್ಟೆಂಬರಿನಲ್ಲಿ ಆರ್‌ಟಿಎಕ್ಸ್ 3080 ಬಂದಾಗ ಅದೇ ರೂಪದಲ್ಲಿತ್ತು.

ಇದರಲ್ಲಿ ನನಗೆ ತುಂಬ ಹಿಡಿಸಿದ ಆಕರ ನಮ್ಮದೇ. ಹತ್ತು ವರ್ಷದ ಹಿಂದೆ ಜಗತ್ತಿನ ಗ್ರಾಫಿಕ್ಸ್ ಕಾರ್ಡ್ ಆಸಕ್ತರು ಕಣ್ಣಿಟ್ಟು ಕಾಯುತ್ತಿದ್ದದ್ದು ಭಾರತದ ಆಮದು-ರಫ್ತು ದಾಖಲೆಗಳನ್ನು. ಎನ್ವಿಡಿಯಾ, ಎಎಂಡಿ ಎರಡಕ್ಕೂ ಬೆಂಗಳೂರು, ಹೈದರಾಬಾದುಗಳಲ್ಲಿ ಚಿಪ್ ವಿನ್ಯಾಸದ ಕಚೇರಿಗಳಿವೆ. ಪರೀಕ್ಷೆಗಾಗಿ ಇನ್ನೂ ಲೋಕ ನೋಡದ ಬೋರ್ಡುಗಳು ವಿಮಾನದಲ್ಲಿ ಬಂದು ಹೋಗುತ್ತಿದ್ದವು. ಕಸ್ಟಮ್ಸ್ ಕಾಗದದಲ್ಲಿ ಸರಕಿನ ವಿವರಣೆ, ಸಂಖ್ಯೆ, ರೂಪಾಯಿಯಲ್ಲಿ ಘೋಷಿತ ಮೌಲ್ಯ ಬರೆಯಲೇಬೇಕು. ಆ ದಾಖಲೆಗಳನ್ನು ಝೌಬಾ ಎಂಬ ಭಾರತೀಯ ತಾಣ ಹುಡುಕುವಂತೆ ಜೋಡಿಸಿಟ್ಟಿತ್ತು. ಕ್ಯಾಲಿಫೋರ್ನಿಯಾ, ತೈವಾನುಗಳ ಗುಟ್ಟು ಹೊರಬಿದ್ದದ್ದು ನಮ್ಮ ವಿಮಾನ ನಿಲ್ದಾಣದ ಗುಮಾಸ್ತರ ನಿಷ್ಠೆಯಿಂದ. ಶಾಸನಗಳನ್ನು ಓದಿದವರಿಗೆ ಈ ಸುಖ ಗೊತ್ತು. ರಾಜನ ಪ್ರಶಸ್ತಿಭಾಗಕ್ಕಿಂತ ಕೊನೆಯಲ್ಲಿ ಬರುವ ಗದ್ದೆಯ ಎಲ್ಲೆಯ ವಿವರವೇ ಹೆಚ್ಚು ನಂಬಿಕೆಗೆ ಅರ್ಹ, ಯಾಕೆಂದರೆ ಅದನ್ನು ಯಾರನ್ನೂ ಮೆಚ್ಚಿಸಲು ಬರೆದಿರುವುದಿಲ್ಲ.

ಆದರೆ ಇನ್ನೊಂದು ಬಗೆಯ ವದಂತಿ ಇದೆ, ಅದನ್ನು ಬರೆಯುವುದು ಕಂಪನಿಯೇ. 2017ರ ಜನವರಿಯಲ್ಲಿ ಎಎಂಡಿ ತನ್ನ ವೇಗಾ ಕಾರ್ಡಿನ ಒಂದು ಚಿಕ್ಕ ವಿಡಿಯೋ ಬಿಟ್ಟಿತು. ಅದರ ಒಂದು ಮೂಲೆಯಲ್ಲಿ 'ಪಾಪದ ವೋಲ್ಟಾ' ಎಂಬರ್ಥದ ಎರಡು ಪದ ಕಾಣುವಂತೆ ಮಾಡಿದ್ದರು. ವೋಲ್ಟಾ ಎಂದರೆ ಎದುರಾಳಿ ಎನ್ವಿಡಿಯಾದ ಮುಂದಿನ ವಿನ್ಯಾಸ. ಒಂದೂ ಸಂಖ್ಯೆ ಹೇಳದೆ, ಎದುರಾಳಿಯ ಇನ್ನೂ ಬಾರದ ವಸ್ತುವನ್ನು ತಮ್ಮ ಇನ್ನೂ ಬಾರದ ವಸ್ತು ಸೋಲಿಸಿಬಿಟ್ಟಿದೆ ಎಂಬ ಸೂಚನೆ. ಆಗಸ್ಟಿನಲ್ಲಿ ಬಂದ ವೇಗಾ 64 ಎನ್ವಿಡಿಯಾದ ಆಗಲೇ ಮಾರುಕಟ್ಟೆಯಲ್ಲಿದ್ದ ಅತ್ಯುತ್ತಮ ಕಾರ್ಡನ್ನೂ ಮುಟ್ಟಲಿಲ್ಲ. ವೋಲ್ಟಾವಂತೂ ಸಾಮಾನ್ಯ ಆಟಗಾರರ ಕಾರ್ಡಾಗಿ ಬರಲೇ ಇಲ್ಲ. ಇಬ್ಬರು ಗೈರುಹಾಜರಿ ಮಲ್ಲರ ಕುಸ್ತಿ.

2018ರ ಆಗಸ್ಟಿನಲ್ಲಿ ಎನ್ವಿಡಿಯಾ ಇದನ್ನೇ ಹೆಚ್ಚು ನಯವಾಗಿ ಮಾಡಿತು. ಆಗ ಎಲ್ಲರ ಬಾಯಲ್ಲೂ ಇದ್ದ ಹೆಸರು ಜಿಟಿಎಕ್ಸ್ 1180. ಕಂಪನಿಯ ವಿಡಿಯೋದಲ್ಲಿ ಹರಟೆ ಹೊಡೆಯುವ ಆಟಗಾರರ ಹೆಸರುಗಳು ಹೀಗಿದ್ದವು: ರಾಯ್‌ಟೆಕ್ಸ್, ನಾಟ್_11, ಮ್ಯಾಕ್-20, ಏಯ್ಟ್ ಟೀ. ಬಿಡಿಸಿ ಓದಿದರೆ: ಆರ್‌ಟಿಎಕ್ಸ್, ಹನ್ನೊಂದು ಅಲ್ಲ, ಇಪ್ಪತ್ತು, ಎಂಬತ್ತು. ಕೊನೆಗೆ ಕಾರ್ಯಕ್ರಮದ ದಿನಾಂಕದ ಅಂಕಿಗಳು ಮೂಡುವ ಕ್ರಮವೂ 2, 0, 8, 0. ಚಿತ್ರಕಾವ್ಯದ ಬಂಧಗಳನ್ನು ಬಿಡಿಸುವ ಖುಷಿಯಲ್ಲಿ ಆಸಕ್ತರು ರಾತ್ರಿಯೆಲ್ಲ ಕೂತು ಇದನ್ನು ಬಿಡಿಸಿದರು. ಅದೇ ತಿಂಗಳ 20ರಂದು ಜರ್ಮನಿಯ ಕಲೋನ್‌ನಲ್ಲಿ ಆರ್‌ಟಿಎಕ್ಸ್ 2080 ಘೋಷಣೆಯಾಯಿತು. ಒಗಟು ಬಿಡಿಸಿದವರ ಶ್ರಮಕ್ಕೆ ನನ್ನ ಗೌರವವಿದೆ. ಆದರೂ ವಿಮರ್ಶಕಿಯಾಗಿ ಒಂದು ಮಾತು ಹೇಳಬೇಕು. ಒಗಟು ಬಿಡಿಸಿದ ಸಂತೋಷ ವಸ್ತುವಿನ ಮೇಲಿನ ಪ್ರೀತಿಯಾಗಿ ಬದಲಾಗಲು ತಡವಾಗುವುದಿಲ್ಲ. ತಾನೇ ಕಂಡುಹಿಡಿದದ್ದನ್ನು ಯಾರು ಬೇಡ ಅಂದಾರು? ಜಾಹೀರಾತು ಹೇಳಿದ್ದನ್ನು ಅನುಮಾನಿಸುವ ಓದುಗ, ತಾನೇ ಹೊಂಚುಹಾಕಿ ಹಿಡಿದ ಸುಳಿವನ್ನು ಅನುಮಾನಿಸುವುದಿಲ್ಲ.

ಈ ಪಾಠವನ್ನು ನಾನು ಕಲಿತದ್ದು 2020ರಲ್ಲಿ, ನಮ್ಮ ಮನೆಯ ಹಣದಲ್ಲಿ.

ಆ ವರ್ಷ ತಮ್ಮ ಬೆಂಗಳೂರಿನ ಕಾಲೇಜೊಂದರಲ್ಲಿ ಅನಿಮೇಷನ್‌ನ ಎರಡನೇ ವರ್ಷ. ಲಾಕ್‌ಡೌನಿಗೆ ಊರಿಗೆ ಬಂದಿದ್ದ. ಕಾಲೇಜಿನ ಲ್ಯಾಬು ಬಂದಾದ್ದರಿಂದ ಅವನಿಗೆ ಸ್ವಂತ ಕಂಪ್ಯೂಟರು ಬೇಕಾಯಿತು. ಅಪ್ಪ ಮೆಕ್ಕೆಜೋಳದ ಹಣದಲ್ಲಿ ಒಂದಿಷ್ಟು ತೆಗೆದಿಟ್ಟು, "ಏನು ಬೇಕೋ ತಗಾ, ಅಕ್ಕನ್ನ ಒಂದ್ಮಾತು ಕೇಳು" ಅಂದರು. ಜುಲೈನಲ್ಲಿ ಅವನು ಎಸ್‌ಪಿ ರಸ್ತೆಯ ಅಂಗಡಿಯೊಂದಕ್ಕೆ ಫೋನು ಮಾಡಿ ಆರ್‌ಟಿಎಕ್ಸ್ 2060 ಸೂಪರ್ ಕಾರ್ಡಿನ ಬೆಲೆ ಕೇಳಿಟ್ಟಿದ್ದ. ಹಣ ಸಾಕಾಗುತ್ತಿತ್ತು. ನಾನು ಬೇಡ ಅಂದೆ. ಆ ಹೊತ್ತಿಗೆ ವದಂತಿಗಳನ್ನು ಓದುವುದರಲ್ಲಿ ನನಗೆ ಒಂದು ಬಗೆಯ ಗರ್ವ ಬಂದಿತ್ತು. ಯಾವ ಆಕರ ಗಟ್ಟಿ, ಯಾವುದು ಜೊಳ್ಳು, ಯಾವುದು ಒಂದರ ನಕಲು ಎಂದು ವಿಂಗಡಿಸಿ ಟಿಪ್ಪಣಿ ಮಾಡಿಕೊಂಡಿದ್ದೆ. "ಸೆಪ್ಟೆಂಬರಿಗೆ ಹೊಸವು ಬರ್ತಾವೆ, ಇದೇ ರೊಕ್ಕಕ್ಕೆ ಎರಡು ಪಟ್ಟು ಸಿಗ್ತದೆ, ತಡಿಯೋ" ಅಂದೆ.

ಸೆಪ್ಟೆಂಬರ್ 1ರಂದು ಹುವಾಂಗ್ ತಮ್ಮ ಅಡುಗೆಮನೆಯಲ್ಲಿ ನಿಂತು ಹೊಸ ಕಾರ್ಡುಗಳನ್ನು ತೋರಿಸಿದರು. ಆ ರಾತ್ರಿ ವದಂತಿಗಳ ಇತಿಹಾಸದಲ್ಲೇ ಒಂದು ವಿಚಿತ್ರ ನಡೆಯಿತು. ದೊಡ್ಡ ಕಾರ್ಡು 3090ಕ್ಕೆ 5,248 ಕೋರ್ ಎಂದು ತಿಂಗಳುಗಟ್ಟಲೆ ಓದಿದ್ದೆವು. ಪರದೆಯ ಮೇಲೆ ಬಂದದ್ದು 10,496, ಸರಿಯಾಗಿ ಎರಡರಷ್ಟು. 3080ರಲ್ಲೂ 4,352 ಹೋಗಿ 8,704. ವದಂತಿ ಸುಳ್ಳಾಗಿರಲಿಲ್ಲ. ಚಿಪ್ಪಿನ ಪ್ರತಿ ಘಟಕದಲ್ಲಿ ದಶಮಾಂಶ ಲೆಕ್ಕ ಮಾಡುವ ಸಾಲುಗಳನ್ನು ಎರಡಾಗಿ ಮಾಡಿದ್ದರು, ಅವನ್ನು ಎಣಿಸುವ ಪದ್ಧತಿ ಅದರೊಂದಿಗೆ ಬದಲಾಗಿತ್ತು. ಹಳೆಯ ಎಣಿಕೆಯಲ್ಲಿ ಹೇಳಿದ್ದನ್ನು ಹೊಸ ಎಣಿಕೆಯಲ್ಲಿ ಕೇಳಿದೆವು. ಎರಡು ಪಟ್ಟು ಕೋರ್ ಇದ್ದರೂ ಎರಡು ಪಟ್ಟು ವೇಗ ಬರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕಾರಣಿಕದ ವ್ಯಾಖ್ಯಾನಗಳಲ್ಲಿ ನಾನು ನೂರು ಸಲ ಕಂಡಿದ್ದ ಸಂಗತಿ ಇದು: ಪದ ಸ್ಥಿರವಾಗಿರುತ್ತದೆ, ಅದು ಸೂಚಿಸುವ ವಸ್ತು ಕೆಳಗಿನಿಂದ ಜಾರಿ ಹೋಗುತ್ತದೆ.

499 ಡಾಲರಿನ 3070, ಅದುವರೆಗಿನ ರಾಜ 2080 ಟಿಐಗಿಂತ ವೇಗ ಎಂದು ಕೇಳಿದ ಕೂಡಲೇ ಹಳೆಯ ಕಾರ್ಡುಗಳನ್ನು ಜನ ಅರ್ಧ ಬೆಲೆಗೆ ಮಾರತೊಡಗಿದರು. ನಾನು ತಮ್ಮನಿಗೆ ಫೋನು ಮಾಡಿ, ನೋಡಿದೆಯಾ, ನಾನು ಹೇಳಲಿಲ್ಲವಾ ಎಂದೆ. ನಾನು ಓದಿದ ವದಂತಿಗಳೆಲ್ಲ ನಿಜವಾಗಿದ್ದವು. ಕಾರ್ಡು ಮಾತ್ರ ಸಿಗಲಿಲ್ಲ. 3080 ಮಾರಾಟಕ್ಕೆ ಬಂದ ಸೆಪ್ಟೆಂಬರ್ 17ರಂದು ನಿಮಿಷಗಳಲ್ಲಿ ಖಾಲಿ. ಹಿಂದೆಯೇ ಎಥೀರಿಯಂ ನಾಣ್ಯದ ಬೆಲೆ ಏರಿತು, ಗಣಿಗಾರಿಕೆಯವರು ಕಾರ್ಡುಗಳನ್ನು ಬಾಚಿಕೊಂಡರು, ಚಿಪ್ಪಿನ ಬರ ಬೇರೆ. ನಾವು ಕೊಳ್ಳಬಹುದಾಗಿದ್ದ ಹಳೆಯ ಕಾರ್ಡೂ ಆ ಬೆಲೆಗೆ ಸಿಗದಂತಾಯಿತು. ಈ ಬರಗಾಲದ ಬಗ್ಗೆ ಒಂದು ಸಾಲು ನನ್ನ ಟಿಪ್ಪಣಿಗಳಲ್ಲಿ ಇರಲಿಲ್ಲ. ಮರುವರ್ಷದ ಎರಡನೇ ಲಾಕ್‌ಡೌನಿನಲ್ಲಿ ಆ ಹಣ ಮನೆಖರ್ಚಿಗೆ ಹೋಯಿತು.

ತಮ್ಮ ಕೊನೆಯ ವರ್ಷದ ಶೋರೀಲನ್ನು ಸ್ನೇಹಿತನ ಹಳೆಯ ಕಂಪ್ಯೂಟರಿನಲ್ಲಿ, ಗ್ರಾಫಿಕ್ಸ್ ಕಾರ್ಡಿಲ್ಲದೆ ಮಾಡಿದ. ಒಂದು ಸೆಕೆಂಡಿನ ಚಿತ್ರಕ್ಕೆ 24 ಫ್ರೇಮು. ಒಂದು ಫ್ರೇಮಿಗೆ ಹದಿನೈದಿಪ್ಪತ್ತು ನಿಮಿಷ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆಗೆ ಒಂದು ಸೆಕೆಂಡು. ನಡುವೆ ಕರೆಂಟು ಹೋದರೆ ಅದೂ ಇಲ್ಲ. ಒಂದೂವರೆ ನಿಮಿಷ ಎಂದು ಯೋಜಿಸಿದ್ದು 35 ಸೆಕೆಂಡಿಗೆ ಇಳಿಯಿತು. ಅದರಲ್ಲಿ ಒಂದು ಗೊರವಯ್ಯನ ಆಕೃತಿ ಇತ್ತು. ಬಿಲ್ಲು ಹತ್ತುವುದು ಇತ್ತು, ನುಡಿಯುವುದನ್ನು ಕೈಬಿಟ್ಟಿದ್ದ. ಅವನು ಯಾವತ್ತೂ ನನ್ನ ಮೇಲೆ ಬೇಸರ ಮಾಡಿಕೊಂಡವನಲ್ಲ. ಅದೇ ನನಗೆ ಕಷ್ಟ.

ಆಮೇಲೆ ನನ್ನ ತಪ್ಪು ಎಲ್ಲಿ ಎಂದು ಯೋಚಿಸಿದಾಗ ಸಿಕ್ಕಿದ್ದು ವ್ಯಾಕರಣದಲ್ಲಿ. 'ಬರ್ತಾವೆ' ಅಂದಿದ್ದೆ. 'ಬರ್ತಾವಂತೆ' ಅನ್ನಬೇಕಿತ್ತು. ಕನ್ನಡದ 'ಅಂತೆ' ಎಷ್ಟು ದೊಡ್ಡ ಸೌಲಭ್ಯ ಎಂದು ನಾವು ಗಮನಿಸುವುದಿಲ್ಲ. ಇಂಗ್ಲಿಷಿನವರು ಬೇರೆ ಪದ, ಬೇರೆ ವಾಕ್ಯ ಹುಡುಕಬೇಕಾದಲ್ಲಿ ನಾವು ಕ್ರಿಯಾಪದದ ಬಾಲಕ್ಕೆ ಎರಡಕ್ಷರ ಅಂಟಿಸಿ, ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂದು ಲೆಕ್ಕ ಒಪ್ಪಿಸುತ್ತೇವೆ. 'ಅಂತೆಕಂತೆ' ಎಂದು ಹೀಗಳೆಯುವುದು ಸುಲಭ. ಆದರೆ ಅಂತೆ ಇರುವ ಮಾತು ತನ್ನ ಮಿತಿಯನ್ನು ತಾನೇ ಹೊತ್ತು ತಿರುಗುತ್ತದೆ. ಅಪಾಯ ಇರುವುದು ಅದು ಉದುರಿಹೋದ ಜಾಗದಲ್ಲಿ.

ಈಗಿನ ಕನ್ನಡ ತಂತ್ರಜ್ಞಾನ ಬರಹಗಳನ್ನು ಈ ಕಣ್ಣಿನಿಂದ ಓದಿ ನೋಡಿ. ಹೊರಗಿನ ಸುದ್ದಿಯೊಂದು ಕನ್ನಡಕ್ಕೆ ಬರುವಾಗ ಮೊದಲ ಪ್ಯಾರಾದಲ್ಲಿ 'ಎನ್ನಲಾಗಿದೆ', ಎರಡನೆಯದರಲ್ಲಿ 'ಹೊಂದಿರಲಿದೆ', ಮೂರನೆಯದರಲ್ಲಿ 'ಹೊಂದಿದೆ'. ಮೂರು ಪ್ಯಾರಾದಲ್ಲಿ ವದಂತಿ ವಾಸ್ತವವಾಗುತ್ತದೆ, ನಡುವೆ ಯಾವ ಹೊಸ ಸಾಕ್ಷಿಯೂ ಬಂದಿರುವುದಿಲ್ಲ. 'ಎನ್ನಲಾಗಿದೆ' ಎಂಬುದರ ಬಗ್ಗೆಯೂ ನನಗೆ ತಕರಾರಿದೆ. ಅಂದವರು ಯಾರು? ಕಸ್ಟಮ್ಸ್ ಗುಮಾಸ್ತರೋ, ಕಂಪನಿಯ ಜಾಹೀರಾತು ವಿಭಾಗವೋ, ಹಿಂದೆ ಹತ್ತು ಸಲ ಸರಿ ಹೇಳಿದ ಅನಾಮಿಕರೋ, ಅಂದಾಜು ಬರೆದು ತಪ್ಪಾದಾಗ 'ಯೋಜನೆ ಬದಲಾಯಿತು' ಎಂದು ಜಾರಿಕೊಳ್ಳುವವರೋ? ಈ ಕೊನೆಯ ಜಾತಿಗೆ ಸೋಲೇ ಇಲ್ಲ. 2022ರಲ್ಲಿ 4090 ಕಾರ್ಡು 600 ವ್ಯಾಟ್ ನುಂಗುತ್ತದೆ, ಅದಕ್ಕೂ ಹೆಚ್ಚು ಎಂದು ಸುದ್ದಿ ಹಬ್ಬಿತ್ತು. ಬಂದದ್ದು 450 ವ್ಯಾಟಿನದು. ಆ ಸುದ್ದಿ ಸುಳ್ಳಾಗಿತ್ತೋ, ಹೇಳಿದ ದಿನದ ಮಟ್ಟಿಗೆ ನಿಜವಾಗಿತ್ತೋ ಎಂದು ಹೊರಗಿನವರು ಪರೀಕ್ಷಿಸುವ ದಾರಿಯೇ ಇಲ್ಲ.

ಸರಿಯಾದ ವದಂತಿಗೂ ಒಂದು ಕುರುಡು ಇದೆ. ಅದು ಕೋರ್, ಬಿಟ್, ವ್ಯಾಟುಗಳನ್ನು ತಿಂಗಳ ಮೊದಲೇ ಹೇಳೀತು. ಬೆಲೆ ತೀರ್ಮಾನವಾಗುವುದು ಕೊನೆಯ ದಿನಗಳಲ್ಲಿ, ಕೆಲವೊಮ್ಮೆ ಅದಾದ ಮೇಲೂ. 2022ರ ಸೆಪ್ಟೆಂಬರಿನಲ್ಲಿ ಎನ್ವಿಡಿಯಾ '4080' ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡು ಘೋಷಿಸಿತು. 16 ಜಿಬಿಯದರಲ್ಲಿ 9,728 ಕೋರ್, 12 ಜಿಬಿಯದರಲ್ಲಿ 7,680. ಒಳಗಿನ ಚಿಪ್ಪೇ ಬೇರೆ. ಮೆಮೊರಿಯಲ್ಲಿ ಮಾತ್ರ ವ್ಯತ್ಯಾಸ ಎಂದು ಹೆಸರು ನಂಬಿಸುತ್ತಿತ್ತು. ಜನ ರೇಗಿದರು. ಅಕ್ಟೋಬರ್ 14ರಂದು ಕಂಪನಿ 899 ಡಾಲರಿನ ಆ ಚಿಕ್ಕದರ ಬಿಡುಗಡೆಯನ್ನೇ ಹಿಂತೆಗೆದುಕೊಂಡಿತು. 2023ರ ಜನವರಿಯಲ್ಲಿ ಅದೇ ವಸ್ತು 4070 ಟಿಐ ಎಂಬ ಹೆಸರಿನಲ್ಲಿ, ನೂರು ಡಾಲರು ಇಳಿದು, ಮತ್ತೆ ಹುಟ್ಟಿತು. ವದಂತಿ ಓದಿ ಪಳಗಿದ ಜನ ಘೋಷಣೆಯನ್ನೂ ಪಠ್ಯದಂತೆ ಓದಿ, ಹೆಸರಿಗೂ ವಸ್ತುವಿಗೂ ತಾಳೆ ಇಲ್ಲವೆಂದು ತೋರಿಸಿಕೊಟ್ಟ ಪ್ರಸಂಗ ಇದು. ಈ ಓದುಗ ಸಮುದಾಯವನ್ನು ನಾನು ಲೇವಡಿ ಮಾಡದಿರುವುದಕ್ಕೆ ಇದೊಂದು ಕಾರಣ. ನಮ್ಮ ಪುಸ್ತಕ ವಿಮರ್ಶೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ಬೆನ್ನುಡಿಯನ್ನೂ ಒಳಪುಟವನ್ನೂ ತಾಳೆ ನೋಡುವವರು ಎಷ್ಟು ಜನ?

2025ರುದ್ದಕ್ಕೂ ಇನ್ನೊಂದು ಸುದ್ದಿ ಹರಿದಾಡಿತು: 50ರ ಸರಣಿಗೆ 'ಸೂಪರ್' ಕಾರ್ಡುಗಳು, ಎರಡು ಜಿಬಿಯ ಬದಲು ಮೂರು ಜಿಬಿಯ ಮೆಮೊರಿ ಚಿಪ್ಪು, ಹಾಗಾಗಿ 5070 ಸೂಪರ್‌ಗೆ 18 ಜಿಬಿ, 5080 ಸೂಪರ್‌ಗೆ 24. ವರ್ಷದ ಕೊನೆಗೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಹಸಿವಿಗೆ ಸಿಕ್ಕಿ ಮೆಮೊರಿಯ ಬೆಲೆ ಏರತೊಡಗಿತು. ಕೂಡಲೇ ಅದೇ ಸುದ್ದಿಯ ಪಾಠಾಂತರಗಳು ಬಂದವು, ತಡವಂತೆ, ರದ್ದಂತೆ. ವರ್ಷ ಮುಗಿಯಿತು, ಕಾರ್ಡು ಬರಲಿಲ್ಲ.

ಆ ಡಿಸೆಂಬರಿನಲ್ಲಿ ತಮ್ಮ ಫೋನು ಮಾಡಿದ್ದ. ಈಗ ಅವನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾನೆ; ಮನೆಯಲ್ಲೂ ಒಂದು ಯಂತ್ರ ಇಟ್ಟುಕೊಂಡು ಆ ಹಳೆಯ ಗೊರವಯ್ಯನನ್ನು ಪೂರ್ತಿ ಮಾಡಬೇಕಂತೆ.

"ಅಕ್ಕ, ಸೂಪರ್ ಬರ್ತೈತಂತಲ್ಲ, ಏನ್ ಮಾಡ್ಲಿ?"

"ಬರ್ತೈತಂತೆ. ನಂಗೂ ಅಷ್ಟೇ ಗೊತ್ತು."

"ಹಂಗಾದ್ರ ಇರೋದ್ನ ತಗೊಂಡ್ಬಿಡ್ಲಾ?"

ಅವನು ಹೇಳಿದ ಕಾರ್ಡಿನ ಹೆಸರು ಬರೆದುಕೊಂಡೆ. ಅಂಗಡಿಯವನು ಎಷ್ಟು ಹೇಳಿದ, ಎದುರಿಗೆ ಡಬ್ಬಿ ಇದೆಯಾ, ಇವತ್ತೇ ಕೈಗೆ ಕೊಡುತ್ತಾನಾ ಎಂದು ಕೇಳಿದೆ. ಇದೆ ಅಂದ. ಹೋಗಿ ಕಣ್ಣಾರೆ ನೋಡಿ ಬಂದಿದ್ದನಂತೆ.